ವಿಕಾಸ, ಆಯ್ಕೆ, ಸಂದಣಿ: ‘ಕರ್ವಾಲೊ’ ಓದಿನ ಒಂದು ತೊಡಕು

೧

ಕನ್ನಡದ ವಿಜ್ಞಾನ ಬರಹವನ್ನು ಕುರಿತ ನಮ್ಮ ಚರ್ಚೆಗಳು ಬಹುಮಟ್ಟಿಗೆ ಎರಡು ಪ್ರಶ್ನೆಗಳ ಸುತ್ತಲೇ ಸುಳಿದಾಡಿವೆ. ಪಾರಿಭಾಷಿಕ ಪದಗಳು ಸಂಸ್ಕೃತದಿಂದ ಬರಬೇಕೋ, ಅಚ್ಚಗನ್ನಡದಲ್ಲಿ ಹುಟ್ಟಬೇಕೋ, ಇಂಗ್ಲಿಷಿನವನ್ನೇ ಉಳಿಸಿಕೊಳ್ಳಬೇಕೋ ಎಂಬುದು ಒಂದು. ಬರಹ ಸಾಮಾನ್ಯ ಓದುಗನಿಗೆ ತಿಳಿಯುವಂತಿದೆಯೇ ಎಂಬುದು ಇನ್ನೊಂದು. ಎರಡೂ ಅಗತ್ಯದ ಪ್ರಶ್ನೆಗಳೇ. ಆದರೆ ಮೂರನೆಯದೊಂದು ಪ್ರಶ್ನೆಯನ್ನು ನಾವು ಅಷ್ಟಾಗಿ ಕೇಳಿಕೊಂಡಂತಿಲ್ಲ. ಸುಲಭವಾಗಿ ತಿಳಿಯುವ ಬರಹ ತಪ್ಪು ಚಿತ್ರವೊಂದನ್ನೇ ಸುಲಭವಾಗಿ ತಿಳಿಸುತ್ತಿದ್ದರೆ ಏನು ಮಾಡುವುದು? ಪ್ರಸ್ತುತ ಲೇಖನದ ಕಾಳಜಿ ಇದು. ಇದಕ್ಕೆ ನಿದರ್ಶನವಾಗಿ ನಾನು ಆರಿಸಿಕೊಂಡಿರುವುದು ಜೀವಿಗಳ ವಿಕಾಸವನ್ನೂ ನಿಸರ್ಗದ ಆಯ್ಕೆಯನ್ನೂ ಕನ್ನಡ ಹೇಗೆ ಹೇಳಿದೆ, ಅದರಲ್ಲಿಯೂ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (೧೯೮೦) ಕಾದಂಬರಿಯ ಓದು ಈ ವಿಚಾರದಲ್ಲಿ ನಮ್ಮನ್ನು ಎಲ್ಲಿಗೆ ಒಯ್ದಿದೆ ಎಂಬುದನ್ನು.

ಮೊದಲು ‘ವಿಕಾಸ’ ಎಂಬ ಪದ. ವಿಕಸಿಸುವುದು ಎಂದರೆ ಅರಳುವುದು. ಅರಳುವುದಕ್ಕೆ ಮೊಗ್ಗು ಬೇಕು; ಮೊಗ್ಗಿನೊಳಗೆ ಹೂವಿನ ಎಸಳುಗಳೆಲ್ಲ ಮಡಿಸಿಟ್ಟಂತೆ ಮೊದಲೇ ಇರುತ್ತವೆ. ಅಂದರೆ ಪದವೇ ಒಂದು ಕಥೆಯನ್ನು ಹೇಳುತ್ತಿದೆ: ಆಗಬೇಕಾದುದು ಬೀಜರೂಪದಲ್ಲಿ ಇದ್ದೇ ಇದೆ, ಕಾಲ ಕೂಡಿ ಬಂದಾಗ ಅದು ತೆರೆದುಕೊಳ್ಳುತ್ತದೆ, ತೆರೆದುಕೊಂಡದ್ದು ಮುಚ್ಚಿಕೊಂಡಿದ್ದುದಕ್ಕಿಂತ ಉತ್ತಮ. ಡಾರ್ವಿನ್ ಹೇಳಿದ ಸಂಗತಿ ಇದಕ್ಕೆ ನೇರ ವಿರುದ್ಧವಾದುದು. ಇಂಗ್ಲಿಷಿನ ಮೂಲಪದಕ್ಕೂ ಸುರುಳಿ ಬಿಚ್ಚುವ ಅರ್ಥವೇ ಇತ್ತು. ಅದರಿಂದಲೋ ಏನೋ, ೧೮೫೯ರಲ್ಲಿ ಬಂದ ಪ್ರಭೇದಗಳ ಉಗಮ ಕುರಿತ ಗ್ರಂಥದ ಮೊದಲ ಮುದ್ರಣದಲ್ಲಿ ಡಾರ್ವಿನ್ ಆ ನಾಮಪದವನ್ನು ಎಲ್ಲಿಯೂ ಬಳಸಲಿಲ್ಲ. ಅದರ ಕ್ರಿಯಾರೂಪವೊಂದು ಮಾತ್ರ ಪುಸ್ತಕದ ಕಟ್ಟಕಡೆಯ ಪದವಾಗಿ ಕಾಣಿಸಿಕೊಳ್ಳುತ್ತದೆ. ನಾಮಪದವು ಗ್ರಂಥದೊಳಗೆ ಬಂದದ್ದು ೧೮೭೨ರ ಆರನೆಯ ಆವೃತ್ತಿಯಲ್ಲಿ. ‘ಮಾರ್ಪಾಟಿನೊಂದಿಗೆ ಬರುವ ವಂಶಾನುಕ್ರಮ’ ಎಂಬರ್ಥದ ಉದ್ದನೆಯ ಮಾತನ್ನೇ ಆತ ಮೆಚ್ಚಿಕೊಂಡಿದ್ದ. ಈ ಮಾತಿನಲ್ಲಿ ಮೊಗ್ಗೂ ಇಲ್ಲ, ಹೂವೂ ಇಲ್ಲ.

ಕನ್ನಡದ ಮಟ್ಟಿಗೆ ಈ ತೊಡಕು ಇನ್ನೂ ಒಂದು ಸುತ್ತು ಬಿಗಿಯಾಗಿದೆ. ನಮ್ಮ ಸಾಹಿತ್ಯದ ಕಿವಿಗೆ ‘ವಿಕಾಸ’ ಕೇವಲ ಜೀವವಿಜ್ಞಾನದ ಪದವಾಗಿ ಬರಲಿಲ್ಲ. ಶ್ರೀ ಅರವಿಂದರ ದರ್ಶನದ ಮೂಲಕ, ಆ ದರ್ಶನವನ್ನು ಕಾವ್ಯದ ಉಸಿರಾಗಿ ಮಾಡಿಕೊಂಡ ಕುವೆಂಪು ಅವರ ಮೂಲಕ, ಅದು ಚೈತನ್ಯದ ಆರೋಹಣವನ್ನು ಸೂಚಿಸುವ ಪದವಾಯಿತು. ಜಡದಿಂದ ಜೀವ, ಜೀವದಿಂದ ಮನಸ್ಸು, ಮನಸ್ಸಿನಿಂದ ಅತಿಮಾನಸ: ಇದು ಏಣಿಯ ಚಿತ್ರ. ದರ್ಶನವಾಗಿ ಅದರ ಬೆಲೆಯನ್ನು ನಾನಿಲ್ಲಿ ಪ್ರಶ್ನಿಸುತ್ತಿಲ್ಲ. ಆದರೆ ಒಂದೇ ಪದ ಎರಡು ಮನೆಗಳಲ್ಲಿ ವಾಸವಾದಾಗ ಒಂದು ಮನೆಯ ಸಾಮಾನು ಇನ್ನೊಂದಕ್ಕೆ ಸಾಗುವುದು ಸಹಜ. ಕನ್ನಡದಲ್ಲಿ ವಿಕಾಸವಾದವನ್ನು ಓದಿದವನು ಗಿಡವೊಂದರ ಕವಲುಗಳನ್ನು ಕಾಣುವ ಬದಲು ಮಹಡಿಯ ಮೆಟ್ಟಿಲುಗಳನ್ನು ಕಾಣುವುದು ಹೀಗೆ.

ಹಾಗೆಂದು ಪದವನ್ನು ಬದಲಿಸೋಣ ಎಂಬ ಸಲಹೆ ನನ್ನದಲ್ಲ. ರೂಢಿಗೆ ಬಂದ ಪದ ರೂಢಿಯಲ್ಲಿಯೇ ಇರುತ್ತದೆ.

೨

‘ನಿಸರ್ಗದ ಆಯ್ಕೆ’ ಎಂಬುದು ಮತ್ತೊಂದು ಬಗೆಯ ತೊಡಕು. ಆಯ್ಕೆ ಎಂದ ಮೇಲೆ ಆಯುವವನೊಬ್ಬ ಇರಬೇಕು. ಈ ಆಕ್ಷೇಪವನ್ನು ಡಾರ್ವಿನ್‌ನ ಸಹಶೋಧಕನಾದ ವಾಲೇಸನೇ ೧೮೬೬ರಲ್ಲಿ ಎತ್ತಿದ್ದ. ನಿಸರ್ಗವನ್ನು ವ್ಯಕ್ತಿಯಾಗಿಸುವ ಈ ಪದದ ಬದಲು ಹರ್ಬರ್ಟ್ ಸ್ಪೆನ್ಸರನು ಸೃಷ್ಟಿಸಿದ ಇನ್ನೊಂದು ನುಡಿಗಟ್ಟನ್ನು ಬಳಸಬಾರದೇಕೆ ಎಂದು ಆತ ಡಾರ್ವಿನ್‌ಗೆ ಬರೆದ. ೧೮೬೯ರ ಐದನೆಯ ಆವೃತ್ತಿಯಲ್ಲಿ ಡಾರ್ವಿನ್ ಅದನ್ನು ಜೊತೆಗೆ ಸೇರಿಸಿಕೊಂಡ. ಆ ನುಡಿಗಟ್ಟೇ ಕನ್ನಡಕ್ಕೆ ‘ಬಲಿಷ್ಠರ ಉಳಿವು’ ಎಂದು ಬಂದು, ಭಾಷಣಗಳಲ್ಲಿ, ಸಂಪಾದಕೀಯಗಳಲ್ಲಿ, ಪರೀಕ್ಷೆಯ ಉತ್ತರಪತ್ರಿಕೆಗಳಲ್ಲಿ ಬೇರೂರಿತು. ಮೂಲದಲ್ಲಿ ಬಲದ ಮಾತಿಲ್ಲ. ಒಪ್ಪುವಿಕೆಯ, ಹೊಂದಿಕೆಯ ಮಾತಿದೆ. ಬೀಗದ ಕೈ ಬೀಗಕ್ಕೆ ಹೊಂದುವುದು ಅದು ಬಲವಾಗಿರುವುದರಿಂದ ಅಲ್ಲ.

ಇದಕ್ಕೆ ನಮ್ಮ ಹತ್ತಿರದ ಉದಾಹರಣೆಯೊಂದಿದೆ. ೧೯೫೨ರಲ್ಲಿ ಲೇಮನ್ ಮತ್ತು ಕಟ್‌ಬುಷ್ ಎಂಬ ಸಂಶೋಧಕರು ನೀಲಗಿರಿಯ ಬುಡಕಟ್ಟು ಜನರಲ್ಲಿ ಕುಡುಗೋಲು ಕಣದ ಅಂಶವನ್ನು ಗುರುತಿಸಿದರು. ತಂದೆ ತಾಯಿ ಇಬ್ಬರಿಂದಲೂ ಈ ಅಂಶ ಬಂದವರಿಗೆ ಅದು ಕ್ರೂರ ರೋಗ. ಒಬ್ಬರಿಂದ ಮಾತ್ರ ಬಂದವರಿಗೆ ಮಲೇರಿಯಾದಿಂದ ಒಂದು ರಕ್ಷಣೆ ಎಂಬುದನ್ನು ಆಫ್ರಿಕದ ಅಧ್ಯಯನಗಳ ಆಧಾರದ ಮೇಲೆ ಆಲಿಸನ್ ೧೯೫೪ರಲ್ಲಿ ತೋರಿಸಿದನು. ಮಲೇರಿಯಾ ಇರುವ ಕಾಡಿನಲ್ಲಿ ಹೊಂದುವ ರಕ್ತ, ಮಲೇರಿಯಾ ಇಲ್ಲದ ಊರಿನಲ್ಲಿ ಬರಿಯ ಹೊರೆ. ಇಲ್ಲಿ ಬಲಿಷ್ಠ ಯಾರು, ದುರ್ಬಲ ಯಾರು? ಪ್ರಶ್ನೆಯೇ ಅರ್ಥ ಕಳೆದುಕೊಳ್ಳುತ್ತದೆ. ‘ಬಲಿಷ್ಠರ ಉಳಿವು’ ಎಂಬ ಮಾತನ್ನು ಸಮಾಜದ ಮೇಲಿನವರು ಕೆಳಗಿನವರ ವಿರುದ್ಧ ಬಳಸಿದ ಚರಿತ್ರೆಯನ್ನು ನೆನೆದರೆ, ಇದು ಬರಿಯ ಭಾಷಾಂತರದ ಲೋಪವೆಂದು ಸುಮ್ಮನಾಗುವಂತಿಲ್ಲ.

ಆಯುವವನಿಲ್ಲದ ಆಯ್ಕೆಯನ್ನು ಹೇಳಲು ಕನ್ನಡಕ್ಕೆ ಶಕ್ತಿಯಿಲ್ಲವೆ? ಇದೆ, ಆದರೆ ನಾವು ಅದನ್ನು ಪಾರಿಭಾಷಿಕ ಪದಕೋಶಗಳಲ್ಲಿ ಹುಡುಕುತ್ತೇವೆ, ಕಣದಲ್ಲಿ ಹುಡುಕುವುದಿಲ್ಲ. ನಮ್ಮ ಒಕ್ಕಲುತನದಲ್ಲಿ ಬೇರ್ಪಡಿಸುವ ಕೆಲಸಕ್ಕೆ ಹಲವು ಕ್ರಿಯಾಪದಗಳಿವೆ. ಅಕ್ಕಿಯನ್ನು ಆರಿಸುತ್ತಾರೆ, ಇಲ್ಲಿ ಕಣ್ಣಿದೆ, ಕೈಯಿದೆ, ಉದ್ದೇಶವಿದೆ. ಮೊರದಲ್ಲಿ ಕೇರುತ್ತಾರೆ, ಇಲ್ಲಿ ಕೈಯ ಚಳಕವಿದೆ, ಆದರೆ ಒಂದೊಂದು ಕಾಳನ್ನೂ ಯಾರೂ ನೋಡುವುದಿಲ್ಲ. ರಾಶಿಯನ್ನು ತೂರುತ್ತಾರೆ, ಇಲ್ಲಿ ಬೇರ್ಪಡಿಸುವುದು ಗಾಳಿ. ಗಾಳಿಗೆ ಕಾಳಿನ ಮೇಲೆ ಪ್ರೀತಿಯಿಲ್ಲ, ಹೊಟ್ಟಿನ ಮೇಲೆ ದ್ವೇಷವಿಲ್ಲ. ತೂಕದ ವ್ಯತ್ಯಾಸವಿದೆ, ಗಾಳಿಯಿದೆ, ಅಷ್ಟೇ. ಡಾರ್ವಿನ್ ತನ್ನ ಗ್ರಂಥದ ಮೊದಲ ಅಧ್ಯಾಯವನ್ನು ಸಾಕುಪ್ರಾಣಿಗಳ, ಕೃಷಿಸಸ್ಯಗಳ ತಳಿ ಆಯ್ಕೆಗೆ ಮೀಸಲಿಟ್ಟು ಅಲ್ಲಿಂದ ನಿಸರ್ಗಕ್ಕೆ ಸಾಗಿದನಷ್ಟೆ. ಕನ್ನಡದಲ್ಲಿ ಅದೇ ಪಯಣವನ್ನು ‘ಆರಿಸು’ವಿನಿಂದ ‘ತೂರು’ವಿನವರೆಗೆ ಮಾಡಬಹುದಾಗಿತ್ತು. ಈ ಹೋಲಿಕೆಗೂ ಮಿತಿಯಿದೆ ಎಂಬುದನ್ನು ಬಲ್ಲೆ. ಕಣದಲ್ಲಿ ಉಳಿದ ಕಾಳು ಅಲ್ಲಿಯೇ ಮರಿ ಹಾಕುವುದಿಲ್ಲ, ನಿಸರ್ಗದಲ್ಲಿ ಉಳಿದದ್ದು ತನ್ನಂಥವನ್ನು ಹುಟ್ಟಿಸುತ್ತದೆ. ತೂರಿದ ರಾಶಿಯನ್ನೇ ಬಿತ್ತಿ, ಬೆಳೆದದ್ದನ್ನು ಮತ್ತೆ ಅದೇ ಗಾಳಿಗೆ ತೂರಿ, ಹೀಗೆ ಸಾವಿರ ಸುಗ್ಗಿಗಳನ್ನು ಕಲ್ಪಿಸಿಕೊಂಡರೆ ಮಾತ್ರ ಚಿತ್ರ ಪೂರ್ಣವಾದೀತು.

೩

ಇಲ್ಲಿಗೆ ನಾವು ನಿಜವಾದ ಕೊರತೆಯ ಬಳಿಗೆ ಬಂದೆವು. ತೂರಲು ರಾಶಿ ಬೇಕು. ಒಂದು ಕಾಳನ್ನು ತೂರಲಾಗದು.

ನಿಸರ್ಗದ ಆಯ್ಕೆ ನಡೆಯುವುದು ಒಂದು ಜೀವಿಯ ಬಾಳಿನೊಳಗಲ್ಲ. ಒಂದೇ ಕಾಲದಲ್ಲಿ ಒಂದೇ ನೆಲೆಯಲ್ಲಿ ಇರುವ, ತಮ್ಮತಮ್ಮೊಳಗೆ ಕೂಡಿ ಸಂತತಿ ಪಡೆಯುವ, ಪರಸ್ಪರ ಸ್ವಲ್ಪಸ್ವಲ್ಪವೇ ಭಿನ್ನವಾಗಿರುವ ಅನೇಕ ಜೀವಿಗಳ ನಡುವೆ. ಈ ‘ಅನೇಕ’ಕ್ಕೆ ಕನ್ನಡದಲ್ಲಿ ನೆಲೆನಿಂತ ಹೆಸರಿಲ್ಲ. ‘ಜನಸಂಖ್ಯೆ’ಯೊಳಗೆ ಜನ ಕುಳಿತಿದ್ದಾರೆ, ಓತಿಗಳ ಜನಸಂಖ್ಯೆ ಎಂದರೆ ನಗೆ ಬರುತ್ತದೆ. ‘ಹಿಂಡು’ ಎಂದರೆ ಒಟ್ಟಿಗೆ ಮೇಯುವ ಗುಂಪು, ‘ಪ್ರಭೇದ’ ಎಂದರೆ ಪುಸ್ತಕದ ವರ್ಗ. ‘ಜೀವಿಸಂದಣಿ’ ಎಂಬ ಪದವನ್ನು ಕೆಲವರು ಬಳಸಿದ್ದಾರೆ. ಅದೇ ಸರಿಯೆಂದು ನನಗೂ ತೋರುತ್ತದೆ. ಸಂದಣಿಯಲ್ಲಿ ಒಬ್ಬೊಬ್ಬರೂ ಬೇರೆಬೇರೆ, ಆದರೂ ಸಂದಣಿಗೆ ತನ್ನದೇ ಚಲನೆಯಿದೆ. ಪದ ಪಠ್ಯಪುಸ್ತಕದ ಆಚೆಗೆ ಬಂದಿಲ್ಲ ಎಂಬುದಷ್ಟೇ ವಿಷಾದ.

ಜೀವವಿಜ್ಞಾನಿ ಅರ್ನ್ಸ್ಟ್ ಮೇಯರ್ ೧೯೫೯ರಲ್ಲಿ ಡಾರ್ವಿನ್‌ನ ನಿಜವಾದ ಕ್ರಾಂತಿ ಯಾವುದೆಂಬುದನ್ನು ಹೇಳುತ್ತ ಎರಡು ಬಗೆಯ ಚಿಂತನೆಗಳನ್ನು ಬೇರ್ಪಡಿಸಿದ. ಮಾದರಿಯ ಚಿಂತನೆಗೆ ಪ್ರಭೇದವೆಂದರೆ ಒಂದು ಅಚ್ಚು. ಬಿಡಿ ಜೀವಿಗಳ ನಡುವಣ ವ್ಯತ್ಯಾಸಗಳು ಅಚ್ಚಿನ ಸಣ್ಣಪುಟ್ಟ ದೋಷಗಳು. ಸಂದಣಿಯ ಚಿಂತನೆಗೆ ವ್ಯತ್ಯಾಸವೇ ವಾಸ್ತವ, ಅಚ್ಚು ಎಂಬುದು ನಾವು ಲೆಕ್ಕಹಾಕಿ ತೆಗೆದ ಸರಾಸರಿ. ಈ ವಿಂಗಡಣೆಯನ್ನು ಇತಿಹಾಸಕಾರರು ಅಲ್ಲಲ್ಲಿ ಪ್ರಶ್ನಿಸಿದ್ದಾರಾದರೂ ಸಾಹಿತ್ಯ ವಿಮರ್ಶೆಗೆ ಅದು ಬಹಳ ಉಪಯುಕ್ತ. ಏಕೆಂದರೆ ಕಥನವೆಂಬುದು ಸ್ವಭಾವತಃ ಒಬ್ಬನನ್ನು ಹಿಡಿದು ಹೊರಡುತ್ತದೆ.

ಗ್ಯಾಲಪಗೊಸ್ ದ್ವೀಪಸಮೂಹದ ಡಾಫ್ನೆ ಮೇಜರ್ ಎಂಬ ಪುಟ್ಟ ನಡುಗಡ್ಡೆಯಲ್ಲಿ ಪೀಟರ್ ಮತ್ತು ರೋಸ್‌ಮೇರಿ ಗ್ರಾಂಟ್ ದಂಪತಿಗಳು ೧೯೭೩ರಿಂದ ದಶಕಗಳ ಕಾಲ ಫಿಂಚ್ ಹಕ್ಕಿಗಳನ್ನು ಹಿಡಿದು, ಅಳೆದು, ಕಾಲಿಗೆ ಬಳೆ ತೊಡಿಸಿ ಬಿಟ್ಟರು. ೧೯೭೭ರಲ್ಲಿ ಮಳೆ ಬರಲಿಲ್ಲ. ಸಣ್ಣ ಮೆದು ಬೀಜಗಳು ಮುಗಿದವು. ದೊಡ್ಡ ಗಟ್ಟಿ ಬೀಜಗಳು ಉಳಿದವು. ಅವುಗಳಲ್ಲಿ ಮುಖ್ಯವಾದುದು ನಮ್ಮ ಹೊಲದ ಬದುಗಳಲ್ಲಿ ಕಾಲಿಗೆ ಚುಚ್ಚುವ ನೆಗ್ಗಿಲಿನ ಕುಲಕ್ಕೇ ಸೇರಿದ ಗಿಡದ ಮುಳ್ಳುಕಾಯಿ. ಮಧ್ಯಮ ಗಾತ್ರದ ನೆಲಫಿಂಚ್‌ಗಳಲ್ಲಿ ಶೇಕಡ ೮೫ರಷ್ಟು ಸತ್ತವು. ಉಳಿದವುಗಳ ಕೊಕ್ಕಿನ ದಪ್ಪವನ್ನು ಅಳೆದಾಗ ಸರಾಸರಿ ಮೊದಲಿಗಿಂತ ಹೆಚ್ಚಾಗಿತ್ತು. ಅವುಗಳ ಮರಿಗಳಲ್ಲಿಯೂ ಹೆಚ್ಚಾಗಿಯೇ ಇತ್ತು. ೧೯೮೩ರ ಅತಿವೃಷ್ಟಿಯ ತರುವಾಯ ಸಣ್ಣ ಬೀಜಗಳು ಹೇರಳವಾದಾಗ ಗಾಳಿ ತಿರುಗಿತು, ಚಿಕ್ಕ ಕೊಕ್ಕಿನವು ಮೇಲುಗೈ ಪಡೆದವು.

ಈ ಘಟನೆಯಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಯಾವ ಹಕ್ಕಿಯ ಕೊಕ್ಕೂ ಬೆಳೆಯಲಿಲ್ಲ. ಯಾವ ಹಕ್ಕಿಯೂ ಬರಗಾಲಕ್ಕೆ ‘ಹೊಂದಿಕೊಳ್ಳ’ಲಿಲ್ಲ. ಬದುಕಿದ ಹಕ್ಕಿ ಬರಗಾಲಕ್ಕೆ ಮುಂಚೆ ಹೇಗಿತ್ತೋ ಬರಗಾಲದ ನಂತರವೂ ಹಾಗೆಯೇ ಇತ್ತು. ಬದಲಾದದ್ದು ಸಂದಣಿ. ಇದನ್ನು ಕನ್ನಡದಲ್ಲಿ ಹೇಳಹೊರಟ ಹತ್ತರಲ್ಲಿ ಎಂಟು ಬರಹಗಳು ‘ಬರಗಾಲಕ್ಕೆ ಹೊಂದಿಕೊಳ್ಳಲು ಹಕ್ಕಿಗಳು ದಪ್ಪ ಕೊಕ್ಕನ್ನು ಬೆಳೆಸಿಕೊಂಡವು’ ಎಂದು ಬರೆಯುತ್ತವೆ. ‘ಕೊಂಡವು’ ಎಂಬ ಆ ಪುಟ್ಟ ಆತ್ಮಾರ್ಥಕದಲ್ಲಿ ಡಾರ್ವಿನ್ ಮರೆಯಾಗಿ ಲಾಮಾರ್ಕ್ ಹಿಂತಿರುಗುತ್ತಾನೆ. ೨೦೨೩ರಲ್ಲಿ ಎನ್‌ಸಿಇಆರ್‌ಟಿ ತನ್ನ ಹತ್ತನೆಯ ತರಗತಿಯ ವಿಜ್ಞಾನ ಪಠ್ಯದಿಂದ ವಿಕಾಸದ ಭಾಗವನ್ನು ಕೈಬಿಟ್ಟಾಗ ದೇಶದ ವಿಜ್ಞಾನಿಗಳೂ ಅಧ್ಯಾಪಕರೂ ಪ್ರತಿಭಟಿಸಿದ್ದು ಯುಕ್ತವೇ. ಆದರೆ ಪಾಠ ಇದ್ದಾಗಲೂ ನಾವು ಕಲಿಸುತ್ತಿದ್ದುದು ಏನನ್ನು ಎಂಬ ಪ್ರಶ್ನೆ ಆ ಗದ್ದಲದಲ್ಲಿ ಏಳಲಿಲ್ಲ.

೪

ಈ ಹಿನ್ನೆಲೆಯಲ್ಲಿ ‘ಕರ್ವಾಲೊ’ವನ್ನು ಮತ್ತೆ ಓದಬೇಕಾಗಿದೆ. ಕನ್ನಡದ ಸೃಜನಶೀಲ ಗದ್ಯದಲ್ಲಿ ವಿಕಾಸವಾದವನ್ನು ಅಲಂಕಾರಕ್ಕಾಗಿ ಅಲ್ಲದೆ ಕಥೆಯ ಬೆನ್ನೆಲುಬಾಗಿ ತಂದ ಕೃತಿ ಇದು. ಶಿವರಾಮ ಕಾರಂತರು ‘ವಿಜ್ಞಾನ ಪ್ರಪಂಚ’ದ ಸಂಪುಟಗಳಲ್ಲಿ ಒಬ್ಬಂಟಿಯಾಗಿ ಮಾಡಿದ ಸಾಹಸ ಜ್ಞಾನದ ವಿಸ್ತಾರಕ್ಕೆ ಸಂಬಂಧಿಸಿದ್ದು, ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಸಸ್ಯಗಳನ್ನು ಮನುಷ್ಯರ ಹರಟೆಯೊಳಗೆ ಕರೆತಂದದ್ದು. ತೇಜಸ್ವಿ ಮಾಡಿದ್ದು ಬೇರೆ. ಮೂಡಿಗೆರೆಯ ಸುತ್ತಣ ದೈನಂದಿನ ರಗಳೆಗಳ ನಡುವೆ, ಜೇನು, ಕೂಲಿ, ಮದುವೆ, ಪೊಲೀಸರ ಕಾಟಗಳ ನಡುವೆ, ಅನೂಹ್ಯವಾದ ಕಾಲದ ಆಳವೊಂದು ತಟಕ್ಕನೆ ಬಾಯಿ ತೆರೆಯುವಂತೆ ಮಾಡಿದ್ದು. ಸರ್ಕಾರಿ ವಾಚರ್ ಕೆಲಸ ಸಿಕ್ಕರೆ ಮದುವೆಯಾಗಬಹುದೆಂದು ಹಂಬಲಿಸುವ ಮಂದಣ್ಣನ ಕಣ್ಣಿಗೆ ಬಿದ್ದ ಹಾರುವ ಓತಿ, ವಿಜ್ಞಾನಿ ಕರ್ವಾಲೊ ಅವರ ಪಾಲಿಗೆ ಯುಗಾಂತರಗಳ ಸುದ್ದಿ. ಈ ಎರಡು ಅಳತೆಗೋಲುಗಳನ್ನು ಒಂದೇ ಪುಟದಲ್ಲಿ ನಿಲ್ಲಿಸಿ, ಎರಡರ ಬಗೆಗೂ ನಗೆಯನ್ನು ಬಿಟ್ಟುಕೊಡದೆ ಬರೆದ ಇನ್ನೊಂದು ಕಾದಂಬರಿ ನಮ್ಮಲ್ಲಿ ಇದೆಯೆಂದು ನಾನು ತಿಳಿದಿಲ್ಲ.

ಆದರೆ ಕಾದಂಬರಿ ವಿಕಾಸವನ್ನು ಕಾಣಿಸುವುದು ಕಾಲದ ನಿಲುವಿನಲ್ಲಿ ಮಾತ್ರ, ಮೇಲಿನಿಂದ ಕೆಳಕ್ಕೆ ಇಳಿಬಿಟ್ಟ ಹಗ್ಗದಂತೆ. ಸಂದಣಿಯ ಅಗಲದಲ್ಲಿ ಕಾಣಿಸುವುದಿಲ್ಲ. ಓತಿ ಅಲ್ಲಿ ಒಂದೇ. ಅದರ ಬೆಲೆ ಇರುವುದು ಅದು ಒಂದೇ ಆಗಿರುವುದರಲ್ಲಿ, ಅಪರೂಪದಲ್ಲಿ ಅಪರೂಪವಾಗಿರುವುದರಲ್ಲಿ. ಹುಡುಕಾಟದ ಕಥೆಗೆ ಇದು ಅನಿವಾರ್ಯ. ಹುಡುಕುವ ವಸ್ತು ತೋಟದಲ್ಲಿ ದಿನಾ ಸಿಗುವಂತಿದ್ದರೆ ಕಾಡಿಗೆ ಹೋಗುವವರು ಯಾರು? ವಾಸ್ತವದಲ್ಲಿ ಹಾರುವ ಓತಿ ಅಷ್ಟೇನೂ ದುರ್ಲಭವಲ್ಲ. ಪಶ್ಚಿಮ ಘಟ್ಟಗಳ ಉದ್ದಕ್ಕೂ ಕಾಡಿನಲ್ಲಿ ಮಾತ್ರವಲ್ಲದೆ ಅಡಿಕೆ ತೋಟ, ತೆಂಗಿನ ತೋಟಗಳಲ್ಲಿಯೂ ಅದು ವಾಸಿಸುತ್ತದೆ. ತೊಗಟೆಯ ಬಣ್ಣದ ಮೈ, ಗಂಡಿನ ಗಂಟಲಲ್ಲಿ ಬಾವುಟದಂತೆ ಚಾಚಿ ಮಡಿಸುವ ಹಳದಿ ಚರ್ಮ, ಮರದ ಮೇಲೆ ಸಾಲುಹಿಡಿದ ಇರುವೆಗಳೇ ಮುಖ್ಯ ಆಹಾರ. ಈ ಕುಲದಲ್ಲಿ ಸುಮಾರು ೪೦ ಪ್ರಭೇದಗಳಿದ್ದು ಬಹುಪಾಲು ಆಗ್ನೇಯ ಏಷ್ಯದವು. ದಕ್ಷಿಣ ಭಾರತದ್ದು ಒಂದೇ. ಕಾದಂಬರಿಕಾರ ಪ್ರಾಣಿಶಾಸ್ತ್ರದ ಲೆಕ್ಕಕ್ಕೆ ಬದ್ಧನಲ್ಲ ಎಂಬುದನ್ನು ಒಪ್ಪಿಯೇ ಈ ಮಾತು ಹೇಳುತ್ತಿದ್ದೇನೆ. ತೊಡಕಿರುವುದು ಕಾದಂಬರಿಯಲ್ಲಿ ಅಷ್ಟಲ್ಲ, ಅದನ್ನು ನಾವು ಓದಿದ ಬಗೆಯಲ್ಲಿ.

‘ಕರ್ವಾಲೊ’ ಕುರಿತ ತರಗತಿಯ ಪಾಠಗಳಲ್ಲಿ, ವಿಚಾರಸಂಕಿರಣಗಳಲ್ಲಿ ಎರಡು ಮಾತುಗಳನ್ನು ನಾನು ಮತ್ತೆಮತ್ತೆ ಕೇಳಿದ್ದೇನೆ. ಒಂದು ಕಾಲಕ್ಕೆ ನಾನೂ ಹಾಗೆಯೇ ಪಾಠ ಹೇಳಿದವನು. ಮೊದಲನೆಯದು, ಓತಿಯು ಸರೀಸೃಪಕ್ಕೂ ಹಕ್ಕಿಗೂ ನಡುವಣ ಕೊಂಡಿ, ಹಕ್ಕಿಯಾಗಹೊರಟು ಅರ್ಧದಾರಿಯಲ್ಲಿ ನಿಂತ ಜೀವ ಎಂಬುದು. ಎರಡನೆಯದು, ಓತಿಯ ಬೆನ್ನುಹತ್ತಿ ಹೋದ ಪಾತ್ರಗಳ ಅರಿವು ಹಿಗ್ಗುವುದೇ ಕಾದಂಬರಿಯ ನಿಜವಾದ ‘ವಿಕಾಸ’ ಎಂಬುದು.

ಮೊದಲ ಮಾತು ಸರಳವಾಗಿ ತಪ್ಪು. ಹಕ್ಕಿಯ ರೆಕ್ಕೆ ಎಂದರೆ ಮಾರ್ಪಟ್ಟ ಮುಂಗಾಲು. ಅದರ ವಂಶ ಡೈನೊಸಾರುಗಳ ಕಡೆಯದು. ಹಾರುವ ಓತಿಯ ‘ರೆಕ್ಕೆ’ಯನ್ನು ಹಿಡಿದಿರುವುದು ಉದ್ದವಾಗಿ ಹೊರಚಾಚಿದ ಪಕ್ಕೆಲುಬುಗಳು. ಎರಡೂ ಬೇರೆಬೇರೆ ದಾರಿಗಳು, ಒಂದೇ ದಾರಿಯ ಮೈಲಿಗಲ್ಲುಗಳಲ್ಲ. ಓತಿ ಎಲ್ಲಿಗೂ ಹೊರಟಿಲ್ಲ, ಅರ್ಧದಲ್ಲಿ ನಿಂತೂ ಇಲ್ಲ. ಮರದಿಂದ ಮರಕ್ಕೆ ತೇಲುವ ಬಾಳಿಗೆ ಅದು ಪೂರ್ಣವಾಗಿ ಒಗ್ಗಿದೆ. ಅದು ‘ಪುರಾತನ’ವೆನ್ನುವುದೂ ಅಷ್ಟೇ ಸಡಿಲವಾದ ಮಾತು. ಇಂದು ಬದುಕಿರುವ ಎಲ್ಲ ಜೀವಿಗಳ ಹಿಂದೆಯೂ ಅಷ್ಟೇ ಉದ್ದದ ವಂಶವಿದೆ, ಓತಿಗೂ ಮಂದಣ್ಣನಿಗೂ. ೨೦೧೭ರಲ್ಲಿ ಪ್ರಕಟವಾದ, ಆಗುಂಬೆಯ ಪರಿಸರದಲ್ಲಿ ನಡೆಸಿದ ಅಧ್ಯಯನವೊಂದು ಹೊಸ ಸಂಗತಿಯನ್ನು ತೋರಿಸಿತು. ಜಿಗಿದೊಡನೆ ಓತಿ ತನ್ನ ಮುಂಗಾಲುಗಳಿಂದ ಚರ್ಮದ ಮುಂಅಂಚನ್ನು ಹಿಡಿದುಕೊಂಡು, ಇಳಿಯುವಾಗ ಮರವನ್ನು ಹಿಡಿಯಲು ಬಿಡುತ್ತದೆ. ಚಾಚಿದ ಪಂಚೆಯ ಅಂಚನ್ನು ಗಾಳಿಯಲ್ಲಿ ಹಿಡಿದಂತೆ. ಅದಕ್ಕೆ ಮುನ್ನ ಪಕ್ಕೆಲುಬುಗಳೊಂದೇ ಕೆಲಸ ಮಾಡುತ್ತವೆಂಬುದು ನಂಬಿಕೆಯಾಗಿತ್ತು. ‘ಅರ್ಧ ರೆಕ್ಕೆಯಿಂದ ಏನು ಪ್ರಯೋಜನ?’ ಎಂದು ವಿಕಾಸವಾದವನ್ನು ಕೆಣಕುವವರಿಗೂ ಓತಿಯ ಬಳಗದಲ್ಲಿ ಉತ್ತರದ ಸುಳಿವಿದೆ. ರೆಕ್ಕೆಯಿಲ್ಲದ ಎಷ್ಟೋ ಓತಿಗಳು ಪಕ್ಕೆಲುಬುಗಳನ್ನು ಅಗಲಿಸಿ ಮೈಯನ್ನು ಚಪ್ಪಟೆ ಮಾಡಬಲ್ಲವು. ಬಿದ್ದಾಗ ಒಂದು ಗೇಣು ದೂರ ಹೆಚ್ಚು ತೇಲಿದ ಮೈಯೂ ಲೆಕ್ಕಕ್ಕೆ ಬರುತ್ತದೆ. ಆದರೆ ಆ ಗೇಣು ಲೆಕ್ಕಕ್ಕೆ ಬರಬೇಕಾದರೆ, ಅಷ್ಟು ತೇಲದ ಬೇರೆ ಓತಿಗಳು ಅಕ್ಕಪಕ್ಕದಲ್ಲಿ ಇರಬೇಕು. ಒಂದೇ ಓತಿಯ ಕಥೆಯಲ್ಲಿ ಇದು ಹೇಳಲು ಬಾರದು.

ಎರಡನೆಯ ಮಾತು ಇಷ್ಟು ಸುಲಭವಾಗಿ ತಳ್ಳಿಹಾಕುವಂಥದಲ್ಲ. ಕಾದಂಬರಿಯಲ್ಲಿ ಅರಿವಿನ ಹಿಗ್ಗುವಿಕೆ ಇದ್ದೇ ಇದೆ. ಆದರೆ ಅದನ್ನು ವಿಕಾಸವೆಂದು ಕರೆದ ಕೂಡಲೇ ನಾವು ಅರವಿಂದರ ಏಣಿಯನ್ನು ತಂದು ಮೂಡಿಗೆರೆಯ ಕಾಡಿನಲ್ಲಿ ಒರಗಿಸಿದಂತಾಗುತ್ತದೆ. ಮಂದಣ್ಣ ಕೆಳಮೆಟ್ಟಿಲು, ಕರ್ವಾಲೊ ಮೇಲ್ಮೆಟ್ಟಿಲು. ತೇಜಸ್ವಿಯವರ ಬರವಣಿಗೆ ಉದ್ದಕ್ಕೂ ಪ್ರತಿಭಟಿಸುವುದು ಇದನ್ನೇ. ಊರಿನ ಕಣ್ಣಿಗೆ ಪೆದ್ದನಂತೆ ಕಾಣುವ ಮಂದಣ್ಣನಲ್ಲಿ ಹುಟ್ಟು ನಿಸರ್ಗ ವಿಜ್ಞಾನಿಯನ್ನು ಗುರುತಿಸುವವರು ಕರ್ವಾಲೊ. ಅವನ ಕಣ್ಣಿನ ವಿಶೇಷವೇನು? ಎಲ್ಲರಿಗೂ ಒಂದೇ ಎಂದು ಕಾಣುವುದರಲ್ಲಿ ಅವನಿಗೆ ಬೇರೆಬೇರೆ ಕಾಣುತ್ತದೆ. ಮೇಯರ್ ಹೇಳಿದ ಸಂದಣಿಯ ಚಿಂತನೆಗೆ ಬೇಕಾದ ಮೊದಲ ಸಾಮಗ್ರಿ ಇದೇ ಅಲ್ಲವೆ? ಪ್ಯಾರ, ಕರಿಯಪ್ಪ, ಪ್ರಭಾಕರ, ಎಂಗ್ಟ, ಕೊನೆಗೆ ನಾಯಿ ಕಿವಿಯೂ ಸೇರಿದ ಆ ತಂಡವನ್ನು ನೋಡಿ. ಯಾರೂ ಯಾರಿಗೂ ಮಾದರಿಯಲ್ಲ, ಯಾರೂ ಯಾರ ದೋಷಪೂರ್ಣ ಪ್ರತಿಯೂ ಅಲ್ಲ. ನಾಯಕನನ್ನು ನಿರಾಕರಿಸುವ ಈ ಗುಂಪುಗೂಡಿಕೆ, ಓತಿಯ ವಿಷಯದಲ್ಲಿ ಕಾದಂಬರಿ ಹೇಳಲಾಗದ್ದನ್ನು ಮನುಷ್ಯರ ವಿಷಯದಲ್ಲಿ ಹೇಳುತ್ತಿದೆ ಎಂದು ನನಗೆ ಅನ್ನಿಸುತ್ತದೆ. ಇದು ತುಸು ಎಳೆದು ಮಾಡಿದ ಓದು ಎಂದು ಯಾರಾದರೂ ಆಕ್ಷೇಪಿಸಿದರೆ ನಾನು ಜಗಳಕ್ಕೆ ನಿಲ್ಲಲಾರೆ. ಆದರೆ ಏಣಿಯ ಓದಿಗಿಂತ ಇದು ಕೃತಿಗೆ ಹತ್ತಿರ.

‘ಮಿಸ್ಸಿಂಗ್ ಲಿಂಕ್’ ಎಂಬ, ಮಾನವನ ಪೂರ್ವಜರ ಶೋಧವನ್ನು ಕುರಿತ ತೇಜಸ್ವಿಯವರ ಪುಸ್ತಕದ ಬಗೆಗೂ ಒಂದು ಮಾತು. ಅದರ ಹೆಸರೇ ಸರಪಣಿಯನ್ನು ಕಲ್ಪಿಸುತ್ತದೆ, ಸರಪಣಿಯ ಒಂದೊಂದು ಕೊಂಡಿಯೂ ಒಂದೊಂದು ತಲೆಬುರುಡೆ. ಪಳೆಯುಳಿಕೆಗಳು ಸಿಗುವುದೇ ಬಿಡಿಬಿಡಿಯಾಗಿ ಎಂಬುದು ನಿಜ. ಬರಹಗಾರನನ್ನು ಅದಕ್ಕೆ ದೂರಲಾಗದು. ಆದರೂ ತಲೆಬುರುಡೆಯೊಂದರ ಹಿಂದೆ ಸಾವಿರಾರು ಮಂದಿಯ ಸಂದಣಿಯಿತ್ತು, ಆ ಸಂದಣಿಯಲ್ಲಿ ಈತ ಸರಾಸರಿಯವನೋ ಅಂಚಿನವನೋ ಹೇಳಲಾಗದು ಎಂಬ ಎಚ್ಚರ ಇಂಥ ಕಥನಗಳಲ್ಲಿ ಕಡಿಮೆ.

ಕಾದಂಬರಿಯ ಕೊನೆಯಲ್ಲಿ ಓತಿ ಬಂಡೆಯಂಚಿನಿಂದ ಪ್ರಪಾತದೊಳಕ್ಕೆ ತೇಲಿಹೋಗುತ್ತದೆ, ನೋಡುವವರು ಮೇಲೆ ಉಳಿಯುತ್ತಾರೆ. ಈ ದೃಶ್ಯವನ್ನು ರಹಸ್ಯವು ಮನುಷ್ಯನ ಕೈತಪ್ಪಿ ಹೋಗುವುದರ ಪ್ರತಿಮೆಯಾಗಿ ವಿವರಿಸುವುದು ರೂಢಿ. ನಾನೂ ಒಪ್ಪುತ್ತೇನೆ. ಆದರೆ ಈಚೆಗೆ ಅದನ್ನು ಓದುವಾಗ ನನ್ನ ಮನಸ್ಸು ಓತಿಯ ಹಿಂದೆ ಹೋಗುತ್ತದೆ. ಅದು ಇಳಿದ ಮರದಲ್ಲಿ ಬೇರೆ ಓತಿಗಳು ಇರಲೇಬೇಕು. ಇಲ್ಲದಿದ್ದರೆ ಅದು ಹುಟ್ಟುತ್ತಲೇ ಇರಲಿಲ್ಲ.

೫

ಇಷ್ಟೆಲ್ಲ ಪದಗಳ ಗೊಡವೆ ಯಾರಿಗೆ ಬೇಕು ಎಂಬ ಪ್ರಶ್ನೆ ಬರುವುದುಂಟು. ಅದಕ್ಕೆ ಹತ್ತಿಯ ಹೊಲದಿಂದ ಉತ್ತರ ಹೇಳಬೇಕು.

೨೦೦೨ರಲ್ಲಿ ಭಾರತದಲ್ಲಿ ಬಿಟಿ ಹತ್ತಿಗೆ ಅನುಮತಿ ದೊರೆಯಿತು. ಕಾಯಿಕೊರಕ ಹುಳುವನ್ನು ಕೊಲ್ಲುವ ವಿಷವನ್ನು ಗಿಡವೇ ತಯಾರಿಸಿಕೊಳ್ಳುವ ವ್ಯವಸ್ಥೆ ಅದು. ೨೦೦೬ರಲ್ಲಿ ಎರಡು ವಿಷಗಳಿರುವ ತಳಿ ಬಂದಿತು. ೨೦೧೦ರಲ್ಲಿ, ಗುಜರಾತಿನ ಗುಲಾಬಿ ಕಾಯಿಕೊರಕ ಮೊದಲ ತಳಿಯ ವಿಷಕ್ಕೆ ಜಗ್ಗುತ್ತಿಲ್ಲವೆಂಬುದನ್ನು ಬೀಜದ ಕಂಪನಿಯೇ ಒಪ್ಪಿಕೊಂಡಿತು. ಮುಂದಿನ ಐದಾರು ವರ್ಷಗಳಲ್ಲಿ ಎರಡನೆಯ ತಳಿಯೂ ಸೋತಿತು. ರಾಯಚೂರು, ಕಲಬುರಗಿ ಕಡೆಯ ಬೆಳೆಗಾರರೂ ಅದರ ಪೆಟ್ಟು ತಿಂದರು.

ಇದು ಆಗಬಹುದೆಂದು ಮೊದಲೇ ಗೊತ್ತಿತ್ತು, ಅದಕ್ಕೆ ಉಪಾಯವೂ ಇತ್ತು. ಬಿಟಿ ಬೀಜದ ೪೫೦ ಗ್ರಾಂ ಪೊಟ್ಟಣದ ಜೊತೆಗೆ ೧೨೦ ಗ್ರಾಂ ಬಿಟಿಯಲ್ಲದ ಹತ್ತಿಯ ಬೀಜವನ್ನು ಕೊಡಲಾಗುತ್ತಿತ್ತು. ಹೊಲದ ಸುತ್ತ ಐದು ಸಾಲು, ಇಲ್ಲವೆ ಐದನೆಯ ಒಂದು ಭಾಗ, ಯಾವುದು ಹೆಚ್ಚೋ ಅಷ್ಟನ್ನು ಅದರಿಂದ ಬಿತ್ತಬೇಕು. ಆ ಸಾಲುಗಳಲ್ಲಿ ವಿಷವಿಲ್ಲ. ಅಲ್ಲಿ ಸಾಧಾರಣ ಹುಳುಗಳು ಬದುಕಿ ಪತಂಗಗಳಾಗುತ್ತವೆ. ಬಿಟಿ ಗಿಡದಲ್ಲಿ ಬದುಕುಳಿದ ಅಪರೂಪದ ಹುಳು ಪತಂಗವಾದಾಗ ಅದಕ್ಕೆ ಸಿಗುವ ಜೋಡಿ ಬಹುಶಃ ಈ ಸಾಧಾರಣರಲ್ಲಿ ಒಂದು. ಗುಲಾಬಿ ಕಾಯಿಕೊರಕದಲ್ಲಿ ವಿಷವನ್ನು ತಡೆಯುವ ಗುಣ ತಂದೆ ತಾಯಿ ಎರಡೂ ಕಡೆಯಿಂದ ಬಂದರೆ ಮಾತ್ರ ಮರಿಹುಳು ಬಿಟಿ ಗಿಡದಲ್ಲಿ ಬದುಕಬಲ್ಲದು. ಒಂದೇ ಕಡೆಯಿಂದ ಬಂದರೆ ಸಾಯುತ್ತದೆ. ಹೀಗೆ ಅಪರೂಪದ ಗುಣವನ್ನು ಸಂದಣಿ ತನ್ನೊಳಗೆ ಕರಗಿಸಿಕೊಳ್ಳುತ್ತದೆ. ಹಸಿರು ಕಾಯಿಕೊರಕಕ್ಕೆ ತೊಗರಿ, ಕಡಲೆ, ಟೊಮೇಟೊ ಮುಂತಾಗಿ ಬದುಕಲು ಹತ್ತಾರು ಬೆಳೆಗಳಿದ್ದವು, ಅವೇ ಅದರ ವಿಷವಿಲ್ಲದ ಸಾಲುಗಳಾದವು. ಗುಲಾಬಿ ಕಾಯಿಕೊರಕಕ್ಕೆ ಇಲ್ಲಿ ಹತ್ತಿಯನ್ನು ಬಿಟ್ಟರೆ ಬೇರೆ ಗತಿಯಿಲ್ಲ. ಆ ೧೨೦ ಗ್ರಾಮಿನ ಪೊಟ್ಟಣವೇ ಎಲ್ಲವೂ ಆಗಿತ್ತು.

ಬಹುತೇಕ ರೈತರು ಅದನ್ನು ಬಿತ್ತಲಿಲ್ಲ. ಕಾರಣಗಳು ಹಲವು: ಚಿಕ್ಕ ಹಿಡುವಳಿ, ಸಾಲದ ಭಾರ, ಬದು ಸುತ್ತ ಬಿತ್ತುವ ಕಷ್ಟ, ಪೊಟ್ಟಣದ ಬೀಜದ ಗುಣಮಟ್ಟದ ಬಗೆಗಿನ ಸಂಶಯ. ಇವೆಲ್ಲವನ್ನೂ ಭಾಷೆಯ ಮೇಲೆ ಹೊರಿಸುವ ಮೂರ್ಖತನ ನನಗಿಲ್ಲ. ಆದರೆ ರೈತರಿಗೆ ಹಂಚಿದ ಕನ್ನಡದ ಕೈಪಿಡಿಯೊಂದು ನನ್ನ ಬಳಿ ಇದೆ. ಅದರಲ್ಲಿ ‘ನಿರಂತರ ಬಳಕೆಯಿಂದ ಹುಳು ವಿಷಕ್ಕೆ ಹೊಂದಿಕೊಳ್ಳುತ್ತದೆ, ಆದ್ದರಿಂದ ಆಶ್ರಯ ಬೆಳೆ ಕಡ್ಡಾಯ’ ಎಂಬ ಅರ್ಥದ ಒಂದು ವಾಕ್ಯವಿದೆ. ವಾಕ್ಯದ ಮೊದಲರ್ಧವನ್ನು ನಂಬಿದವನಿಗೆ ಎರಡನೆಯರ್ಧ ಅರ್ಥವಾಗುವುದೇ ಸಾಧ್ಯವಿಲ್ಲ. ಹುಳು, ಹೆಂಡ ಕುಡಿದು ಹೆಂಡಕ್ಕೆ ಒಗ್ಗಿದ ಮನುಷ್ಯನಂತೆ, ತಿಂದು ತಿಂದು ವಿಷಕ್ಕೆ ಒಗ್ಗುವುದಾದರೆ, ಪಕ್ಕದ ಸಾಲಿನಲ್ಲಿ ಬೇರೆ ಹುಳುಗಳನ್ನು ಸಾಕುವುದರಿಂದ ಆಗುವುದೇನು? ಹುಳು ಒಗ್ಗುವುದಿಲ್ಲ, ಒಗ್ಗದವು ಸಾಯುತ್ತವೆ, ಮೊದಲೇ ಬೇರೆಯಾಗಿದ್ದವು ಉಳಿಯುತ್ತವೆ. ಡಾಫ್ನೆ ಮೇಜರಿನ ಹಕ್ಕಿಯ ಕೊಕ್ಕಿನ ಕಥೆಯೇ ಇದು, ಸ್ಥಳ ಮಾತ್ರ ರಾಯಚೂರು.

ಕೆಲವು ವರ್ಷಗಳ ಹಿಂದೆ ಆ ಭಾಗದ ಹಳ್ಳಿಯೊಂದರ ಹಿರಿಯ ಒಕ್ಕಲಿಗರೊಬ್ಬರ ಜೊತೆ ಈ ವಿಷಯ ಮಾತನಾಡುವ ಸಂದರ್ಭ ಬಂದಿತ್ತು. ಆ ಚಿಕ್ಕ ಪೊಟ್ಟಣವನ್ನು ಏನು ಮಾಡುತ್ತಿದ್ದಿರಿ ಎಂದು ಕೇಳಿದೆ. “ಒಗದ್ ಬಿಡತಿದ್ವಿ ಸರ. ಹುಳಾ ಬೆಳಸಾಕ ಯಾರರ ಬೀಜಾ ಬಿತ್ತತಾರೇನ್ರಿ?” ಎಂದು ಅವರು ನಕ್ಕರು.

ಹುಳುವನ್ನು ಬೆಳೆಸುವುದಕ್ಕಾಗಿಯೇ ಆ ಬೀಜ ಎಂಬುದನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಹಾಸ್ಯವಾಗಿ ಅವರು ಆಡಿದ ಮಾತೇ ಸಿದ್ಧಾಂತದ ಸಾರವಾಗಿತ್ತು. ಕೈಪಿಡಿಯ ವಾಕ್ಯಕ್ಕಿಂತ ಆ ಮಾತು ಎಷ್ಟೋ ಪಾಲು ನಿಖರ. ಜೋಳದ ರಾಶಿಯನ್ನು ತೂರುವ ಹೋಲಿಕೆಯಿಂದ ಹಿಡಿದು ಹುಳುಗಳ ಕೂಡಿಕೆಯವರೆಗೆ ನನಗೆ ತಿಳಿದಂತೆ ವಿವರಿಸಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾದ್ರ ನಮ್ಮೊಬ್ಬರ ಹೊಲದಾಗ ಹಾಕಿದ್ರ ಸಾಲೂದಿಲ್ಲಲ್ರಿ, ಸುತ್ತ ಎಲ್ಲಾರೂ ಹಾಕಬೇಕಾಕ್ಕೇತಿ” ಎಂದರು. ಪತಂಗಕ್ಕೆ ಬದುಗಳ ಲೆಕ್ಕವಿಲ್ಲವೆಂಬುದು ಅವರಿಗೆ ನನ್ನ ನೆರವಿಲ್ಲದೆ ಹೊಳೆದಿತ್ತು. ಅಷ್ಟರಲ್ಲಿ ಎರಡೂ ತಳಿಗಳ ವಿಷ ಆ ಹುಳುವಿನ ಮುಂದೆ ಸೋತು ವರ್ಷಗಳಾಗಿದ್ದವು. ಅವರು ಹತ್ತಿಯನ್ನು ಬಿಟ್ಟು ಆ ಹೊಲಕ್ಕೆ ತೊಗರಿ ಬಿತ್ತಿದ್ದರು.